ಟೈ ಕಟ್ಟಿದ ಮಕ್ಕಳ ರೈಲು

ಹೋದ ವಾರ ನಮ್ಮೂರ ಸರ್ಕಾರಿ ಶಾಲೆಯ ಮುಂದೆ ಮದುವೆ ನಿಶ್ಚಯವಾದ ಒಂದು ಜೋಡಿ ಫೋಟೋ ತೆಗೆಸಿಕೊಳ್ಳುತ್ತಿತ್ತು. ಗೋಡೆಯ ಮೇಲೆ ಬರೆದ ರೈಲಿನ ಬಾಗಿಲಿಗೆ ಒರಗಿ ನಿಂತು ಹುಡುಗಿ ಕೈ ಚಾಚಿದ್ದಾಳೆ, ಹುಡುಗ ಓಡಿ ಬರುವವನಂತೆ ಒಂದು ಕಾಲೆತ್ತಿ ನಿಂತಿದ್ದಾನೆ. ತರೀಕೆರೆಯಿಂದ ಬಂದಿದ್ದ ಫೋಟೋಗ್ರಾಫರ್ ನನ್ನ ಕಡೆ ತಿರುಗಿ, "ಅಕ್ಕಾ, ಸ್ವಲ್ಪ ಆ ಕಡೆ ಹೋಗಿ, ಫ್ರೇಮಲ್ಲಿ ಬತ್ತಿದೀರ" ಎಂದ. ನಾನು ಕಡೂರಿನ ಬಸ್ಸಿಗೆ ಕಾಯುತ್ತಿದ್ದೆ. ಬಸ್ ನಿಲ್ಲುವುದು ಅಲ್ಲೇ. ಆ ರೈಲಿನ ನೀಲಿ ಬಣ್ಣದಲ್ಲಿ ಅರ್ಧ ನನ್ನ ಕೈಯದು ಎಂದು ಹೇಳಬೇಕೆನಿಸಿತು. ಹೇಳದೆ ಆ ಕಡೆ ಹೋಗಿ ನಿಂತೆ.

ಈಗ ಜನ ದೂರದಿಂದ ಬರುತ್ತಾರೆ. ಕೆಮ್ಮಣ್ಣುಗುಂಡಿಯ ಮಂಜಿನಲ್ಲಿ ಒಂದಿಷ್ಟು ಫೋಟೋ, ನಮ್ಮ ರೈಲಿನ ಮುಂದೆ ಒಂದಿಷ್ಟು, ಅಲ್ಲಿಗೆ ಆಲ್ಬಮ್ ತುಂಬುತ್ತದೆ. ಶಾಲೆಯ ಬಾಗಿಲಿಗೆ ಬೀಗ ಹಾಕಿದೆ, ಬೀಗಕ್ಕೆ ತುಕ್ಕು ಹಿಡಿದಿದೆ. ಅಷ್ಟನ್ನು ಬಿಟ್ಟು ಫೋಟೋ ತೆಗೆಯುವುದು ಅವರಿಗೆ ಗೊತ್ತು. ನನ್ನ ಅವ್ವ ಮಾತ್ರ ಆ ದಾರಿಯಲ್ಲಿ ಬರುವುದಿಲ್ಲ. ಅಂಗಡಿಗೆ ಹೋಗಬೇಕಾದರೂ ಕೆರೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಾಳೆ.

ಆ ರೈಲನ್ನು ನಾವು ಬರೆದದ್ದು ಒಂದು ಬೇಸಿಗೆಯಲ್ಲಿ. ಹಳ್ಳಿಯ ಹುಡುಗ ಹುಡುಗಿಯರಿಗೆ ರಜೆಯಲ್ಲಿ ಕೆಲಸ ಕೊಡುವ ಯೋಜನೆಯೊಂದು ಬಂದಿತ್ತು. ಒಂದು ಸಂಸ್ಥೆಯವರು ಪಂಚಾಯ್ತಿಯ ಜೊತೆ ಸೇರಿ ನಡೆಸುತ್ತಿದ್ದರು. ಕಾಲೇಜಿಗೆ ರಜೆ ಇರುವವರು, ಪಿಯುಸಿ ಫೇಲಾಗಿ ಮನೆಯಲ್ಲಿ ಕೂತವರು, ಎಸ್ಸೆಸ್ಸೆಲ್ಸಿಗೇ ಕೈಮುಗಿದವರು, ಯಾರು ಬೇಕಾದರೂ ಸೇರಬಹುದಿತ್ತು. ಊರಿಗೆ ಏನು ಆಗಬೇಕೋ ಅದನ್ನು ನಾವೇ ಆರಿಸಿಕೊಳ್ಳಬೇಕು, ನಾವೇ ಮಾಡಬೇಕು, ಅದಕ್ಕೆ ಕೂಲಿ. ತರೀಕೆರೆ ಕಡೆಯ ಹುಡುಗರು ಬೆಟ್ಟದ ದಾರಿಯಲ್ಲಿ ಪ್ರವಾಸಿಗಳು ಎಸೆದ ಪ್ಲಾಸ್ಟಿಕ್ ಆರಿಸಿದರು. ಚೌಳಹಿರಿಯೂರು ಕಡೆಯವರು ಒಂದು ಕಟ್ಟೆಯ ಹೂಳೆತ್ತಿದರು. ಅಜ್ಜಂಪುರದ ಕಡೆಯ ನಾವು ಶಾಲೆಯನ್ನು ಹಿಡಿದೆವು. ಕೂಲಿ ಸರಿಯಾಗಿ ಬಂತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇಂಥ ಕೆಲಸ ಎಂದ ಕೂಡಲೇ ಜನ ದುಡ್ಡು ಯಾರು ತಿಂದರು ಎಂದು ಕೇಳುತ್ತಾರೆ. ಯಾರೂ ತಿನ್ನಲಿಲ್ಲ. ತಿಂದಿದ್ದರೆ ಬೈಯುವುದಕ್ಕೆ ಒಬ್ಬರಾದರೂ ಸಿಗುತ್ತಿದ್ದರು.

ಶಾಲೆಯೇ ಆಗಬೇಕೆಂದು ಹಟ ಮಾಡಿದವಳು ನಾನು. ಉಳಿದವರಿಗೆ ವಾಲಿಬಾಲ್ ಆಡಲು ಜಾಗ ಬೇಕಿತ್ತು, ಬಸ್ಸಿಗೆ ಕಾಯುವ ಕಡೆ ನೆರಳು ಬೇಕಿತ್ತು. ನನಗೆ ಬೇಕಿದ್ದದ್ದು ಅವ್ವನ ಕೆಲಸ ಉಳಿಯುವುದು. ಅವ್ವ ಆ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಸೇರಿದ್ದಳು, ನಾನು ಡಿಗ್ರಿಗೆ ಬಂದರೂ ಅಲ್ಲೇ ಇದ್ದಳು. ಆ ವರ್ಷ ಪರೀಕ್ಷೆ ಮುಗಿದ ದಿನ ಹೆಡ್‌ಮೇಷ್ಟ್ರು ಅವಳನ್ನು ಕರೆದು, "ನೋಡಮ್ಮಾ, ಐದನೇ ಕ್ಲಾಸಿನವು ಹೋದ್ಮೇಲೆ ಉಳಿಯೋದು ಬೆರಳೆಣಿಕೆ. ಈ ಸಲ ಒಂದನೇ ಕ್ಲಾಸಿಗೆ ಮಕ್ಳು ಸೇರ್ಲಿಲ್ಲಾಂದ್ರೆ ನಮ್ದನ್ನ ಪಕ್ಕದೂರಿನ್ ಸ್ಕೂಲಿಗೆ ಸೇರಿಸ್ಬಿಡ್ತಾರೆ. ಅಲ್ಲಿ ಅಡುಗೆಯವ್ರು ಆಗ್ಲೇ ಇದಾರೆ" ಎಂದಿದ್ದರು. ಅವ್ವ ಮನೆಗೆ ಬಂದು ಈ ಮಾತನ್ನು ಯಾರದೋ ಮನೆಯ ಸುದ್ದಿಯಂತೆ ಹೇಳಿದಳು. ಆಮೇಲೆ ಸೆರಗಿನ ತುದಿಯ ಗಂಟನ್ನು ಒಮ್ಮೆ ಮುಟ್ಟಿ ನೋಡಿಕೊಂಡಳು. ಆ ಗಂಟಿನಲ್ಲಿ ಶಾಲೆಯ ಅಡುಗೆಕೋಣೆಯ ಬೀಗದಕೈ ಇರುತ್ತಿತ್ತು. ರಜೆಯಲ್ಲೂ ಅದನ್ನು ಮೊಳೆಗೆ ನೇತುಹಾಕಿದವಳಲ್ಲ. ಸೀರೆ ಬದಲಿಸಿದರೆ ಹೊಸ ಸೀರೆಯ ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು.

ಆ ಕೀಲಿಕೈ ಅವಳಿಗೆ ಯಾಕೆ ಅಷ್ಟು ಮುಖ್ಯ ಎನ್ನುವುದನ್ನು ಹೇಳಬೇಕು. ನಮ್ಮದು ಬೌದ್ಧರ ಮನೆ. ತಾತ ದೀಕ್ಷೆ ತೆಗೆದುಕೊಂಡವರು. ಗೋಡೆಯ ಮೇಲೆ ಬುದ್ಧನ ಪಟ ಇದೆ, ಪಕ್ಕದಲ್ಲಿ ನೀಲಿ ಕೋಟಿನವರದು ಇದೆ. ಊರಿಗೆ ಮಾತ್ರ ನಾವು ಇಂದಿಗೂ ಕಾಲೋನಿಯವರು. ಅವ್ವ ಸೌಟು ಹಿಡಿದ ಮೊದಲ ವರ್ಷ ಮೇಲುಬೀದಿಯ ಮಕ್ಕಳು ಮನೆಯಿಂದ ಡಬ್ಬಿ ತರುತ್ತಿದ್ದರು. ಕೇಳಿದರೆ ಹೊಟ್ಟೆನೋವು, ಜ್ವರ, ಇವತ್ತು ವ್ರತ. ಮೂರನೇ ಕ್ಲಾಸಿನ ಮಗುವಿಗೆ ಎಂಥ ವ್ರತವೋ ನನಗಂತೂ ಗೊತ್ತಿಲ್ಲ. ಇದೇ ಮೇಷ್ಟ್ರು ಆಗ ಹೊಸದಾಗಿ ಬಂದಿದ್ದರು. ಅವರು ಯಾರಿಗೂ ಭಾಷಣ ಬಿಗಿಯಲಿಲ್ಲ. ದಿನಾ ಮಕ್ಕಳ ಸಾಲಿನಲ್ಲಿ ಚಕ್ಕಂಬಕ್ಕಳ ಹಾಕಿ ಕೂತು ತಟ್ಟೆ ಮುಂದಿಟ್ಟುಕೊಂಡು, "ಮೊದ್ಲು ನಂಗೆ ಬಡ್ಸಮ್ಮಾ" ಎನ್ನುತ್ತಿದ್ದರು. ವರ್ಷ ಕಳೆಯುವುದರೊಳಗೆ ಡಬ್ಬಿಗಳು ಕಡಿಮೆಯಾದವು, ಆಮೇಲೆ ಇಲ್ಲವೇ ಇಲ್ಲ ಎನ್ನುವಂತಾಯಿತು. ಅವ್ವನ ಸೊಪ್ಪಿನ ಸಾರಿಗೆ ಆ ಮಕ್ಕಳು ಎರಡನೇ ಸಲ ತಟ್ಟೆ ಹಿಡಿದುಕೊಂಡು ಬರುತ್ತಿದ್ದವು. ಬೀದಿಯಲ್ಲಿ ದೊಡ್ಡವರು ಅವಳನ್ನು ಏಕವಚನದಲ್ಲಿ ಕರೆದರೂ ಅವರ ಮಕ್ಕಳು 'ಅಡುಗೆ ಅವ್ವ' ಎಂದು ಕೂಗುತ್ತಿದ್ದವು. ಅವಳು ಬದುಕಿನಲ್ಲಿ ಗೆದ್ದದ್ದು ಅಷ್ಟೇ, ಆದರೆ ಅದನ್ನು ಸಣ್ಣದು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಆಮೇಲೆ ಹಳದಿ ವ್ಯಾನು ಬಂತು, ಕಡೂರು ರಸ್ತೆಯಲ್ಲಿ ಶುರುವಾದ ಕಾನ್ವೆಂಟಿನದು. ಮೊದಲು ಮೇಲುಬೀದಿಯ ಒಂದು ಮನೆಯ ಮುಂದೆ ನಿಂತಿತು, ಬರುಬರುತ್ತಾ ಬೀದಿಯ ಎಲ್ಲ ಮನೆಗಳ ಮುಂದೆ. ಕಾರಣ ಇಂಗ್ಲಿಷ್ ಎಂದರು. ಇಂಗ್ಲಿಷ್ ಬೇಕು, ಅದು ನನಗೂ ಗೊತ್ತು, ಕಾಲೇಜಿನಲ್ಲಿ ಅದರ ಮುಂದೆ ನಾನೂ ಬೆವರಿದವಳೇ. ಆದರೆ ನನಗೆ ಇನ್ನೊಂದು ವಿಷಯವೂ ಗೊತ್ತು. ಡಬ್ಬಿ ತರಬೇಕಾದರೆ ಹೊಟ್ಟೆನೋವಿನ ನೆಪ ಬೇಕಿತ್ತು, ಮೇಷ್ಟ್ರ ಕಣ್ಣು ತಪ್ಪಿಸಬೇಕಿತ್ತು. ಇಂಗ್ಲಿಷ್ ಬಂದ ಮೇಲೆ ಯಾರೂ ಯಾವ ನೆಪವನ್ನೂ ಹೇಳಬೇಕಾಗಲಿಲ್ಲ. ಎಲ್ಲರ ಮನಸ್ಸಿನಲ್ಲೂ ಅದೇ ಇತ್ತು ಎಂದು ನಾನು ಹೇಳುವುದಿಲ್ಲ. ಯಾರ ಮನಸ್ಸಿನಲ್ಲೂ ಇರಲಿಲ್ಲ ಎಂದು ಹೇಳು ಎಂದರೆ ಅದನ್ನೂ ಹೇಳುವುದಿಲ್ಲ.

ನಮ್ಮ ಗುಂಪಿನಲ್ಲಿ ಹತ್ತು ಹನ್ನೆರಡು ಜನ ಇದ್ದೆವು, ಕಾಲೋನಿಯವರೂ ಮೇಲುಬೀದಿಯವರೂ ಸೇರಿ. ಎಲ್ಲರೂ ಇದೇ ಶಾಲೆಯಲ್ಲಿ ಓದಿದವರು. ಸಂಸ್ಥೆಯ ಮೇಡಂ ಒಬ್ಬರು ಸ್ಕೂಟಿಯಲ್ಲಿ ಬಂದು ನೋಡಿಕೊಂಡು ಹೋಗುತ್ತಿದ್ದರು. ಒಳ್ಳೆಯವರೇ, ಆದರೆ ಫೋಟೋದ ಹುಚ್ಚು. ಮೊದಲ ದಿನ ನಮ್ಮನ್ನು ಮುರಿದ ಕಾಂಪೌಂಡಿನ ಮುಂದೆ ನಿಲ್ಲಿಸಿ, "ಇದು ಕೆಲಸಕ್ಕೆ ಮುಂಚಿನ ಫೋಟೋ, ಯಾರೂ ನಗಬೇಡಿ" ಎಂದರು. ನಾವು ಹೆಣ ಕಾಯುವವರಂತೆ ಮುಖ ಮಾಡಿಕೊಂಡು ನಿಂತೆವು. ಕೆಲಸ ಮುಗಿದ ಮೇಲೆ ಇದೇ ಜಾಗದಲ್ಲಿ ಮಕ್ಕಳ ಜೊತೆ ಇನ್ನೊಂದು ಫೋಟೋ ತೆಗೆಯಬೇಕು, ಎರಡನ್ನೂ ಪಕ್ಕಪಕ್ಕ ಇಟ್ಟು ಮೇಲಿನವರಿಗೆ ಕಳಿಸಬೇಕು ಎಂದು ಹೇಳಿದರು.

ಕಾಂಪೌಂಡಿನ ಕಲ್ಲು ಮತ್ತೆ ಜೋಡಿಸಿದೆವು. ಶೌಚಾಲಯಕ್ಕೆ ಬಾಗಿಲು ಕೂರಿಸಿದೆವು. ರೈಲಿನ ಮಾತು ಬಂದಾಗ ಅರಳಿಕಟ್ಟೆಯ ಮೇಲೆ ಕೂತಿದ್ದ ಮುದುಕರೊಬ್ಬರು, "ಹೊಟ್ಟೆಗೆ ಹಿಟ್ಟಿಲ್ದೆ ಹೋದ್ರೂ ಜುಟ್ಟಿಗೆ ಮಲ್ಲಿಗೆ ಹೂವು. ಸೂರು ಸೋರ್ತೈತೆ, ಇವ್ರಿಗೆ ರೈಲ್ ಬೇಕಂತೆ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಅವರ ಬಾಯಿ ಮುಚ್ಚಿಸುವುದಕ್ಕಾಗಿಯೇ ಮೊದಲು ಸೂರಿಗೆ ಹತ್ತಿ ಒಡೆದ ಹಂಚುಗಳನ್ನೆಲ್ಲ ಬದಲಿಸಿದೆವು. ಬಿಸಿಲಿಗೆ ಹಂಚು ಕಾದು ಅಂಗಾಲು ಸುಡುತ್ತಿತ್ತು, ಗೋಣಿಚೀಲ ನೆನೆಸಿ ಹಾಸಿಕೊಂಡು ಕೂರುತ್ತಿದ್ದೆವು. ಅವ್ವ ರಜೆಯಾದರೂ ದಿನಾ ಬಂದು ಅಡುಗೆಕೋಣೆ ತೆಗೆದು ನಮಗೆ ಮಜ್ಜಿಗೆ ಕಲಸಿ ಕೊಡುತ್ತಿದ್ದಳು. ಮೇಲುಬೀದಿಯ ಹುಡುಗರು ಲೋಟ ಚಾಚಿ, "ಅಡುಗೆ ಅವ್ವಾ, ಇನ್ನೊಂಚೂರು" ಎನ್ನುವಾಗ ಅವಳ ಮುಖ ನೋಡಬೇಕಿತ್ತು.

ರೈಲಿನ ಆಲೋಚನೆ ನಮ್ಮ ಪೇಂಟರನದು. ಅವನು ನನ್ನ ಓರಗೆಯವನು, ಕಡೂರಿನಲ್ಲಿ ಬೋರ್ಡು ಬರೆಯುವವರೊಬ್ಬರ ಹತ್ತಿರ ಕೆಲಸ ಕಲಿತಿದ್ದ. ಎಲ್ಲೋ ಒಂದು ಊರಿನ ಶಾಲೆಯ ಗೋಡೆಗೆ ರೈಲು ಬರೆದದ್ದನ್ನು ಫೋನಿನಲ್ಲಿ ನೋಡಿದ್ದ. ಬೀರೂರಿನಿಂದ ಅಜ್ಜಂಪುರಕ್ಕೆ ಹೋಗುವ ರೈಲು ನಮ್ಮ ಹೊಲಗಳ ಆಚೆ ದಿನಾ ಕೂಗಿಕೊಂಡು ಹೋಗುತ್ತದೆ, ನಮ್ಮಲ್ಲಿ ನಿಲ್ಲುವುದಿಲ್ಲ. "ನಿಲ್ದೇ ಇರೋ ರೈಲ್‌ನ ನಾವೇ ನಿಲ್ಸೋಣ ಕಣ್ರೋ" ಎಂದ. ಎಲ್ಲರಿಗೂ ಹಿಡಿಸಿತು. ಆಮೇಲೆ ಯಾವ ಬೋಗಿ ಬರೆಯಬೇಕೆಂದು ಒಂದು ಮಧ್ಯಾಹ್ನವೆಲ್ಲ ಜಗಳ. ಹುಡುಗರಿಗೆ ಎಸಿ ಬೋಗಿ ಬೇಕು. ನಮ್ಮಲ್ಲಿ ಅದರೊಳಗೆ ಕಾಲಿಟ್ಟವರು ಒಬ್ಬರೂ ಇರಲಿಲ್ಲ. ಕೊನೆಗೆ ಮೇಷ್ಟ್ರು ಬಂದು, "ಜನರಲ್ ಬೋಗಿ ಬರೀರಪ್ಪಾ, ಯಾರ್ ಬೇಕಾದ್ರೂ ಹತ್ಬಹುದು" ಎಂದ ಮೇಲೆ ತಣ್ಣಗಾದರು.

ನಾವು ಬಳಿದದ್ದು ಬರೀ ನೀಲಿ. ಗೀಟು ಎಳೆದದ್ದು, ಬಾಗಿಲು, ಮೆಟ್ಟಿಲು, ಚಕ್ರ ಬರೆದದ್ದು ಅವನು. ಹಳದಿ ಫಲಕದ ಮೇಲೆ ಊರಿನ ಹೆಸರನ್ನು ಸ್ಟೇಷನ್ನಿನಲ್ಲಿ ಇರುವ ಹಾಗೆಯೇ ಬರೆದ. ಶಾಲೆಯ ಮುಂಗೋಡೆಗೆ ನಿಜವಾದ ಕಿಟಕಿ ಎರಡೇ ಇದ್ದವು, ಅದಕ್ಕೆ ಉದ್ದಕ್ಕೂ ಸುಳ್ಳು ಕಿಟಕಿಗಳನ್ನು ಬರೆದು, ಒಂದೊಂದು ಕಿಟಕಿಯಲ್ಲೂ ಒಂದೊಂದು ಮಗುವನ್ನು ಕೂರಿಸಿದ. ನಾನು ಆ ಹೊತ್ತಿನಲ್ಲಿ ಹಿಂದಿನ ಗೋಡೆಗೆ ಸುಣ್ಣ ಹೊಡೆಯುತ್ತಿದ್ದೆ. ಮುಂದೆ ಬಂದು ನೋಡಿದಾಗ ಬೆರಗಾಗಿ ನಿಂತೆ. ಮಕ್ಕಳು ಕಿಟಕಿಯಿಂದ ಕೈ ಬೀಸುತ್ತಿದ್ದವು. ಎಲ್ಲರೂ ಚಪ್ಪಾಳೆ ತಟ್ಟಿದೆವು, ಮೇಡಂ ಫೋಟೋ ತೆಗೆದರು, ಮೇಷ್ಟ್ರು ಕನ್ನಡಕ ಒರೆಸಿಕೊಂಡು ಮತ್ತೆ ಹಾಕಿಕೊಂಡರು.

ಅವ್ವ ಮಜ್ಜಿಗೆ ಚೊಂಬು ಹಿಡಿದುಕೊಂಡು ಬಂದವಳು ಗೋಡೆಯ ಮುಂದೆ ನಿಂತು ಒಂದೊಂದೇ ಕಿಟಕಿ ನೋಡುತ್ತಾ ಹೋದಳು. ಆಮೇಲೆ ಪೇಂಟರನನ್ನು ಕೇಳಿದಳು, "ಇವು ಯಾರ್ ಮಕ್ಳಪ್ಪಾ?"

"ಯಾರ್ವೂ ಅಲ್ಲ ಕಣವ್ವಾ. ಸುಮ್ನೆ ಮಕ್ಳು."

"ಟೈ ಕಟ್ಕಂಡವಲ್ಲೋ. ನಮ್ ಸ್ಕೂಲಲ್ಲಿ ಟೈ ಎಲ್ಲೈತೆ?"

ಆಗ ನಾವು ನೋಡಿದೆವು. ಅಷ್ಟೂ ಮಕ್ಕಳ ಕೊರಳಲ್ಲಿ ಕೆಂಪು ಗೀಟಿನ ಟೈ. ಗುಲಾಬಿ ಕೆನ್ನೆ. ಎಣ್ಣೆ ಹಚ್ಚಿ ಬೈತಲೆ ತೆಗೆದ ನಮ್ಮ ಮಕ್ಕಳ ತಲೆ ಒಂದೂ ಇಲ್ಲ. ಪೇಂಟರ್ ಕುಂಚ ಹಿಡಿದ ಕೈಯಲ್ಲೇ ತಲೆ ಕೆರೆದುಕೊಂಡ. ಅವನು ಗುರುವಿನ ಜೊತೆ ಬರೆದದ್ದೆಲ್ಲ ಕಾನ್ವೆಂಟುಗಳ ಬೋರ್ಡು. ಕಡೂರಿನಿಂದ ತರೀಕೆರೆಯವರೆಗೆ ಎಷ್ಟು ಕಾನ್ವೆಂಟಿದೆಯೋ ಅಷ್ಟಕ್ಕೂ ಅದೇ ಮಕ್ಕಳನ್ನು ಬರೆದಿದ್ದ. "ಮಕ್ಳು ಅಂದ್ರೆ ಹಿಂಗೇ ಅಂತ ಕೈಗೆ ಕೂತ್ಬಿಟ್ಟೈತೆ ಕಣೇ, ನಾನ್ ನೋಡ್ಕಳ್ಲೇ ಇಲ್ಲ" ಎಂದು ನನಗೆ ಹೇಳಿದ. ಅವನನ್ನು ಬೈಯುವುದೇಕೆ, ನಾವಷ್ಟೂ ಜನ ಕಣ್ಣು ಬಿಟ್ಟುಕೊಂಡು ಚಪ್ಪಾಳೆ ತಟ್ಟಿದ್ದೆವು.

ನಾನು ಬಿಳಿ ಬಣ್ಣ ತೆಗೆದುಕೊಂಡು ಏಣಿ ಹತ್ತಿದೆ. ಮೊದಲ ಕಿಟಕಿಯ ಮಗುವಿನ ಟೈ ಮೇಲೆ ಬಳಿದೆ. ಹಸಿ ಕೆಂಪು ಬಿಳಿಗೆ ಕಲಸಿಕೊಂಡು ಮಗುವಿನ ಕುತ್ತಿಗೆಯಲ್ಲಿ ಗಾಯವಾದಂತೆ ಕಂಡಿತು. ಕೆಳಗಿನಿಂದ ಮೇಡಂ, "ಅಯ್ಯೋ ಇರ್ಲಿ ಬಿಡಿ, ಹಾಳು ಮಾಡ್ಬೇಡಿ. ನೋಡಿದ ಮಕ್ಕಳಿಗೆ ಒಂದು ಆಸ್ಪಿರೇಷನ್ ಬರುತ್ತೆ" ಎಂದರು. ಆ ಮಾತಿಗೆ ಕನ್ನಡದಲ್ಲಿ ಏನೆನ್ನುತ್ತಾರೆ ಎಂದು ಅವ್ವ ನನ್ನನ್ನು ಕೇಳಿದಳು. ಆಸೆ ಅಂತ, ಎಂದೆ. ಪೇಂಟರ್ ಆ ಒಂದು ಮಗುವಿಗೆ ಮತ್ತೆ ಟೈ ಬರೆದ. ಬಣ್ಣವೂ ಮುಗಿಯುತ್ತಾ ಬಂದಿತ್ತು.

ಶಾಲೆ ಶುರುವಾಗುವುದಕ್ಕೆ ಮುಂಚೆ ಮೇಷ್ಟ್ರು, ಅವ್ವ, ನಾನು ಮನೆಮನೆಗೆ ಹೋದೆವು. ಒಂದನೇ ಕ್ಲಾಸಿಗೆ ಬರುವ ವಯಸ್ಸಿನ ಮಕ್ಕಳು ಯಾವ ಮನೆಯಲ್ಲಿವೆ ಎಂದು ಅವ್ವನಿಗೆ ಬಾಯಿಪಾಠ. ಎಲ್ಲರೂ ರೈಲನ್ನು ಹೊಗಳಿದರು. ಹೊಗಳದ ಮನೆಯೇ ಇಲ್ಲ. ಮೇಲುಬೀದಿಯ ಒಂದು ಮನೆಯಲ್ಲಿ ಮೇಷ್ಟ್ರಿಗೆ ಒಳಗೆ ಕುರ್ಚಿ ಹಾಕಿದರು, ನಾವು ಜಗಲಿಯಲ್ಲಿ ನಿಂತೆವು. ಆ ಮನೆಯಾಕೆ ನಮ್ಮ ಕಡೆ ತಿರುಗಿ, "ಏನ್ ಚೆಂದ ಮಾಡಿದೀರ ಕಣ್ರೇ. ಬಸ್ಸಲ್ಲಿ ಹೋಗೋರೆಲ್ಲ ಇಳಿದು ನೋಡ್ತಾರಂತೆ. ನಮ್ಮೂರ್ಗೆ ಒಂದು ಕಳೆ ಬಂತು" ಎಂದಳು.

"ಹಂಗಾರೆ ನಿಮ್ ಹುಡುಗುನ್ನ ಕಳಿಸ್ರವ್ವಾ" ಎಂದಳು ಅವ್ವ. "ಅವ್ನ್ ಚಿಕ್ಕಪ್ಪನೂ ನನ್ ಕೈಲೇ ಉಂಡು ಓದ್ದೋನು."

"ಅದು ಸರಿ ಬಿಡು. ಈಗಿನ್ ಕಾಲ ಬ್ಯಾರೆ. ಇವ್ನಿಗೆ ಸೀಟ್ ಆಗೋಗೈತೆ."

ಆಕೆಯ ಮೈದುನ ನನಗಿಂತ ಒಂದೆರಡು ವರ್ಷ ದೊಡ್ಡವನು, ಅವ್ವನ ಸಾರಿಗೆ ಎರಡೆರಡು ಸಲ ತಟ್ಟೆ ಹಿಡಿದವನು. ಒಳಗೇ ಇದ್ದ. ಹೊರಗೆ ಬರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಮ್ಮೂರಲ್ಲಿ ಹಿತ್ತಲ ಗಿಡಕ್ಕೆ ಬಣ್ಣ ಬಳಿದು ಬೇಲಿ ಕಟ್ಟಿ ಅಲಂಕಾರ ಮಾಡುತ್ತಾರೆ, ಮದ್ದಿಗೆ ಮಾತ್ರ ಪೇಟೆಗೆ ಹೋಗುತ್ತಾರೆ. ಕಾಲೋನಿಯಲ್ಲೂ ಉತ್ತರ ಬೇರೆಯಿರಲಿಲ್ಲ. ಅಲ್ಲಿ ಕೂರಿಸಿ ಕಾಫಿ ಕೊಟ್ಟು ಹೇಳಿದರು, ಅಷ್ಟೇ ವ್ಯತ್ಯಾಸ. ನನ್ನ ಜೊತೆ ಹಂಚು ಹೊತ್ತವನೊಬ್ಬ ತನ್ನ ತಮ್ಮನನ್ನು ಆಗಲೇ ಕಾನ್ವೆಂಟಿಗೆ ಸೇರಿಸಿ ಬಂದಿದ್ದ. ಆ ಬೇಸಿಗೆಯ ಕೂಲಿಯಲ್ಲೇ ಸೇರಿಸಿದೆ ಎಂದು ಹೆಮ್ಮೆಯಿಂದ ಹೇಳಿದ.

ಅವತ್ತು ಸಂಜೆ ಮನೆಯಲ್ಲಿ ಅವ್ವ ಕಾಲು ನೀಡಿ ಕೂತು, "ಹೋಗ್ಲಿ, ನಮ್ ಪಾಪು ಒಂದಾದ್ರೂ ಐತಲ್ಲ. ಅದುನ್ನ ನೋಡ್ಕಂಡು ನಾಕ್ ಜನ ಬತ್ತಾರೆ" ಎಂದಳು. ಪಾಪು ಎಂದರೆ ಅಣ್ಣನ ಮಗಳು, ಒಂದನೇ ಕ್ಲಾಸಿಗೆ ಸೇರುವ ವಯಸ್ಸು. ಅಣ್ಣ ಲಗೇಜ್ ಆಟೋದಲ್ಲಿ ಕಡೂರಿಗೆ ತೆಂಗಿನಕಾಯಿ ಸಾಗಿಸುತ್ತಾನೆ. ಅವನು ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಎದ್ದು ಒಳಗೆ ಹೋದಳು.

"ಅವ್ವಾ, ಪಾಪುನ ಕಾನ್ವೆಂಟಿಗೆ ಸೇರ್ಸಿದೀನಿ."

ನಾನು ಬಾಯಿಗೆ ಬಂದಂತೆ ಬೈದೆ. ಊರಿಗೆಲ್ಲ ಹೋಗಿ ಕೈಮುಗಿದು ಬಂದಿದ್ದೇವೆ, ನಮ್ಮ ಮನೆಯ ಮಗುವೇ ಇಲ್ಲವೆಂದರೆ ನಾಳೆ ಯಾವ ಮುಖ ಇಟ್ಟುಕೊಂಡು ಮಾತಾಡುವುದು ಎಂದೆ. ಅಣ್ಣ ದನಿ ಎತ್ತಲಿಲ್ಲ. ಗೋಡೆಯ ಮೇಲಿನ ನೀಲಿ ಕೋಟಿನ ಪಟವನ್ನು ತೋರಿಸಿದ.

"ಅವ್ರು ಓದ್ಬೇಕು ಅಂದಿದ್ದು ಯಾರ್ಗೇ? ಊರ್ ಮಕ್ಳೆಲ್ಲ ವ್ಯಾನಲ್ಲಿ ಹೋಗ್ಬೇಕು, ನನ್ ಮಗ್ಳು ಅವ್ವನ್ ಕೆಲ್ಸ ಉಳ್ಸಕ್ಕೆ ಅಂತ ಖಾಲಿ ಸ್ಕೂಲಲ್ಲ್ ಒಬ್ಳೇ ಕೂರ್ಬೇಕಾ? ನೀನೇ ಹೇಳು. ನೀನ್ ಕಾಲೇಜಲ್ಲಿ ಇಂಗ್ಲಿಷ್ ಬರ್ದೆ ಅತ್ಕಂಡು ಬಂದಿದ್ದು ಮರ್ತೋಯ್ತಾ?"

ಮರೆತಿರಲಿಲ್ಲ. ಅವನ ಮೇಲೆ ಬಂದ ಸಿಟ್ಟು ಹೋಗಿಲ್ಲ, ಅವನು ಹೇಳಿದ್ದು ಸುಳ್ಳು ಎನ್ನಲೂ ಆಗಿಲ್ಲ. ಇಂಥ ಸಿಟ್ಟು ಒಳಗೇ ಕೂತು ಹುಳಿಯಾಗುತ್ತದೆ.

ಅವ್ವ ನೀಡಿದ್ದ ಕಾಲು ಮಡಚಿಕೊಂಡಳು. "ಸೇರ್ಸಿದ್ದು ಒಳ್ಳೇದಾಯ್ತು ಬಿಡು. ಓದ್ಲಿ" ಎಂದಳು. ಆಮೇಲೆ, "ಅಲ್ಲಿ ಮಗೀಗೆ ಮಧ್ಯಾಹ್ನಕ್ಕೆ ಊಟ ಏನ್ ಕೊಡ್ತಾರೆ?" ಎಂದು ಕೇಳಿದಳು.

"ಅಲ್ಲಿ ಊಟ ಇಲ್ಲವ್ವಾ. ಮನೆಯಿಂದ ಡಬ್ಬಿ ತಗಂಡೋಗ್ಬೇಕು."

"ಡಬ್ಬಿನಾ" ಎಂದಳು ಅವ್ವ. ನಕ್ಕಳು. ನಾನು ಆ ನಗುವನ್ನು ನೋಡಲಾರದೆ ಹಿತ್ತಲಿಗೆ ಹೋದೆ.

ಶಾಲೆ ತೆರೆಯುವ ದಿನ ಬಾಗಿಲಿಗೆ ಮಾವಿನ ತೋರಣ ಕಟ್ಟಿದೆವು. ಮೇಡಂ ಬಂದರು, ಪಂಚಾಯ್ತಿಯವರು ಬಂದು ಟೇಪು ಕತ್ತರಿಸಿ ಬೇರೆ ಕಾರ್ಯಕ್ರಮವಿದೆಯೆಂದು ಹೋದರು. ಅವ್ವ ಬೆಳಗಾಗುವ ಮುಂಚೆಯೇ ಹೋಗಿ ದೊಡ್ಡ ಡಬರಿಯ ತುಂಬ ಶಾವಿಗೆ ಪಾಯಸ ಮಾಡಿದ್ದಳು. ಯಾಕವ್ವ ಇಷ್ಟೊಂದು ಎಂದರೆ, "ಮೊದಲ್ನೇ ದಿನ ಕಮ್ಮಿ ಬೀಳ್ಬಾರ್ದು ಕಣೇ" ಎಂದಳು. ಮನೆಮನೆಯ ಉತ್ತರ ಕೇಳಿ ಬಂದವಳೇ ಹಾಗೆ ಅಂದಳು. ಹಳೆಯ ಮಕ್ಕಳಲ್ಲಿ ನಾಲ್ಕೈದು ಬಂದವು. ಅವು ಪಾಯಸ ಕುಡಿದು ರೈಲಿನ ಚಕ್ರ ಮುಟ್ಟಿ ನೋಡಿ ಆಡಲು ಹೋದವು. ಒಂದನೇ ಕ್ಲಾಸಿನ ಚಾಪೆ ಸುರುಳಿ ಬಿಚ್ಚಿದ್ದು ಹಾಗೇ ಇತ್ತು. "ಇನ್ನೂ ಬರ್ತಾರೆ, ನೋಡೋಣ" ಎಂದು ಮೇಷ್ಟ್ರು ಗೇಟಿನ ಹತ್ತಿರ ಹೋಗಿ ನಿಂತರು.

ಬಂದದ್ದು ಹಳದಿ ವ್ಯಾನು. ಶಾಲೆಯ ಮುಂದೆಯೇ ನಿಂತಿತು. ಕಾನ್ವೆಂಟಿಗೂ ಅವತ್ತೇ ಮೊದಲ ದಿನ, ಮಕ್ಕಳನ್ನು ಹತ್ತಿಸಲು ತಾಯಂದಿರೆಲ್ಲ ಅಲ್ಲಿಗೇ ಬಂದಿದ್ದರು. ಹೊಸ ಯೂನಿಫಾರ್ಮಿನಲ್ಲಿ ರೈಲಿನ ಮುಂದೆ ಒಂದು ಫೋಟೋ ಬೇಕೆಂದು ಯಾರೋ ಹೇಳಿದರಂತೆ, ಎಲ್ಲರಿಗೂ ಬೇಕಾಯಿತು. ಮಕ್ಕಳನ್ನು ಗೋಡೆಯ ಉದ್ದಕ್ಕೂ ನಿಲ್ಲಿಸಿದರು. ಎಲ್ಲರ ಕೊರಳಲ್ಲೂ ಟೈ. ಮೇಲೆ ಕಿಟಕಿಯಲ್ಲಿ ಟೈ ಕಟ್ಟಿದ ಮಕ್ಕಳು, ಕೆಳಗೆ ಟೈ ಕಟ್ಟಿದ ಮಕ್ಕಳು. ಪಾಪು ಸಾಲಿನ ತುದಿಯಲ್ಲಿ ನಿಂತು ನನ್ನನ್ನು ನೋಡಿ ಕೈ ಬೀಸಿತು. ಮೇಡಂ ಎಲ್ಲಿದ್ದರೋ ಓಡಿ ಬಂದು, "ಹಾಗೇ ಇರಿ, ಹಾಗೇ ಇರಿ, ಎಲ್ಲರೂ ನಗಿ" ಎಂದು ಫೋಟೋ ತೆಗೆದರು. ಕೆಲಸ ಮುಗಿದ ಮೇಲಿನ ಫೋಟೋ ಅದೇ. ಮುಂಚಿನದರ ಪಕ್ಕದಲ್ಲಿಟ್ಟು ಅದನ್ನೇ ಕಳಿಸಿದರು. ಅದನ್ನು ನೋಡಿದ ಯಾರಿಗಾದರೂ ನಮ್ಮೂರ ಸರ್ಕಾರಿ ಶಾಲೆ ಮಕ್ಕಳಿಂದ ತುಂಬಿ ತುಳುಕುತ್ತಿದೆ ಎನಿಸಬೇಕು.

ಅವ್ವ ಅಡುಗೆಕೋಣೆಯಿಂದ ತಟ್ಟೆಯಲ್ಲಿ ಲೋಟಗಳನ್ನು ಇಟ್ಟುಕೊಂಡು ಹೊರಗೆ ಬಂದಳು. ಎಲ್ಲದರಲ್ಲೂ ಪಾಯಸ. ಆ ಮಕ್ಕಳು ಯಾವ ಶಾಲೆಯವು ಎಂದು ಅವಳಿಗೆ ಗೊತ್ತಿರಲಿಲ್ಲವೆಂದಲ್ಲ. ಶಾಲೆಯ ಮುಂದೆ ಮಕ್ಕಳು ಸಾಲಾಗಿ ನಿಂತಿದ್ದರೆ ಅವಳ ಕೈ ಸುಮ್ಮನಿರುತ್ತಿರಲಿಲ್ಲ. ಮೊದಲ ಮಗುವಿನ ಮುಂದೆ ತಟ್ಟೆ ಹಿಡಿದಳು. ಮಗುವಿನ ತಾಯಿ, ಅದೇ ಚೆಂದ ಮಾಡಿದೀರ ಎಂದು ಹೊಗಳಿದ್ದಾಕೆ, ನಡುವೆ ಕೈ ತಂದಳು. "ಬ್ಯಾಡ ಬಿಡವ್ವಾ. ಹೊಸ ಯೂನಿಫಾರ್ಮು, ಚೆಲ್ಕಂತವೆ" ಎಂದಳು. ಪಕ್ಕದವಳೂ ಅದನ್ನೇ ಹೇಳಿದಳು. ಹಾಗೆ ಒಬ್ಬೊಬ್ಬರಾಗಿ ಯೂನಿಫಾರ್ಮಿನ ಮಾತನ್ನು ಒಬ್ಬರಿಂದ ಒಬ್ಬರಿಗೆ ದಾಟಿಸಿದರು. ತಟ್ಟೆ ಸಾಲಿನ ತುದಿಗೆ ಬಂತು.

ಪಾಪು ಎರಡೂ ಕೈ ಚಾಚಿತು. ಅದಕ್ಕೆ ಅಜ್ಜಿಯ ಪಾಯಸವೆಂದರೆ ಪ್ರಾಣ. ಅತ್ತಿಗೆ ಪಕ್ಕದ ಹೆಂಗಸರನ್ನು ಒಮ್ಮೆ ನೋಡಿದಳು, ಅವ್ವನನ್ನು ಒಮ್ಮೆ ನೋಡಿದಳು. ಮಗುವಿನ ಕೈಗಳನ್ನು ಮೆಲ್ಲಗೆ ಹಿಡಿದು ಕೆಳಗಿಳಿಸಿ, "ಬೇಡ ಚಿನ್ನಾ, ಯಾರೂ ಕುಡೀತಿಲ್ವಲ್ಲ" ಎಂದಳು. ಅವಳನ್ನು ನಾನು ಎಷ್ಟೋ ದಿನ ಮಾತಾಡಿಸಲಿಲ್ಲ. ಅವಳಿಗೂ ಕಣ್ಣು ತುಂಬಿತ್ತು ಎನ್ನುವುದನ್ನು ಹೇಳದಿದ್ದರೆ ಅನ್ಯಾಯವಾಗುತ್ತದೆ. ಆದರೆ ಕೈ ಇಳಿಸಿದ್ದು ಇಳಿಸಿದ್ದೇ. ಮಕ್ಕಳು ವ್ಯಾನು ಹತ್ತಿದರು, ವ್ಯಾನು ಕಡೂರಿನ ಕಡೆ ಹೋಯಿತು.

ಅವ್ವ ತಟ್ಟೆಯನ್ನು ಹಾಗೇ ತಂದು ಜಗಲಿಯ ಮೇಲಿಟ್ಟಳು. ನಮ್ಮ ಕಡೆ ತಿರುಗಿ, "ಏನ್ ನೋಡ್ತಾ ನಿಂತಿದೀರ? ಕುಂತ್ಕಳ್ರಪ್ಪಾ ಎಲ್ರೂ. ಆರೋಯ್ತದೆ" ಎಂದಳು.

ಬೇಸಿಗೆಯೆಲ್ಲ ಆ ಶಾಲೆಗೆ ಕಲ್ಲು ಹೊತ್ತ, ಹಂಚು ಹೊದಿಸಿದ, ಬಣ್ಣ ಬಳಿದ ನಾವೆಲ್ಲ ಮಕ್ಕಳ ಜಾಗದಲ್ಲಿ ಸಾಲಾಗಿ ಕೂತೆವು. ಮೇಲುಬೀದಿಯ ಹುಡುಗರೂ ಕೂತರು. ಎಲ್ಲರಿಗೂ ಕಾಲು ಉದ್ದ, ಆ ಸಾಲಿನಲ್ಲಿ ಮಡಚಿ ಕೂರುವುದೇ ಕಷ್ಟ. ಮೇಷ್ಟ್ರು ಗೇಟಿನಿಂದ ನಿಧಾನವಾಗಿ ಬಂದು ನಮ್ಮ ಸಾಲಿನಲ್ಲೇ ಚಕ್ಕಂಬಕ್ಕಳ ಹಾಕಿ ಕೂತರು. "ಮೊದ್ಲು ನಂಗೆ ಬಡ್ಸಮ್ಮಾ" ಎಂದರು. ಅವ್ವ ಬಡಿಸಿದಳು. ಅವರು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟರು, ಮತ್ತೆ ಎತ್ತಲಿಲ್ಲ. ನಾವು ಕುಡಿದೆವು. ಪೇಂಟರ್ ಮೂರು ಸಲ ಹಾಕಿಸಿಕೊಂಡ. ನಾನು ಲೋಟದ ತಳದ ಶಾವಿಗೆಯನ್ನೂ ಬೆರಳಲ್ಲಿ ಬಳಿದು ತಿಂದೆ.

ಎಲ್ಲ ಮುಗಿದ ಮೇಲೆ ಅವ್ವ ಡಬರಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು ಬೋರಲು ಹಾಕಿದಳು. ಸೌಟು ಒರೆಸಿ ಮೊಳೆಗೆ ತೂಗುಹಾಕಿದಳು. ಬಾಗಿಲೆಳೆದು ಬೀಗ ಹಾಕಿ, ಸೆರಗಿನ ಗಂಟು ಕಟ್ಟುವ ಬದಲು ಕೀಲಿಕೈಯನ್ನು ಮೇಷ್ಟ್ರ ಮುಂದೆ ಹಿಡಿದಳು.

"ಯಾಕಮ್ಮಾ? ಆರ್ಡರ್ ಇನ್ನೂ ಬಂದಿಲ್ಲ" ಎಂದರು ಮೇಷ್ಟ್ರು.

"ಬಂತಲ್ಲ ಸಾರ್, ನೀವೂ ನೋಡುದ್ರಿ. ವ್ಯಾನಲ್ಲಿ ಬಂತು."

ಮೇಷ್ಟ್ರು ಕೈ ಚಾಚಲಿಲ್ಲ. ಅವಳು ಕೀಲಿಕೈಯನ್ನು ಅವರ ಪಕ್ಕದಲ್ಲಿ, ಅವರು ಹಾಗೇ ಬಿಟ್ಟ ಲೋಟದ ಹತ್ತಿರ, ಜಗಲಿಯ ಮೇಲಿಟ್ಟಳು. ನಾವಿಬ್ಬರೂ ಮನೆಗೆ ಹೊರಟೆವು. ಅಷ್ಟು ವರ್ಷದ ಗಂಟಿಗೆ ಒಗ್ಗಿ ಅವಳ ಸೆರಗಿನ ತುದಿ ಮುದುಡಿಕೊಂಡೇ ಇತ್ತು. ದಾರಿಯುದ್ದಕ್ಕೂ ಅವಳು ಅದನ್ನು ಬೆರಳಲ್ಲಿ ಎಳೆದೆಳೆದು ನೇರ ಮಾಡುತ್ತಾ ನಡೆದಳು.